ಹುಳಿನೆಲ, ಚೌಳುನೆಲ ಮತ್ತು ತೋಟದ ಬೆಳೆಗಳು

(ಮಲೆನಾಡಿನ ಒಂದು ಗ್ರಾಮದ ರೈತರ ಸಭೆಯಲ್ಲಿ ವ್ಯವಸಾಯ ಇನ್‌ಸ್ಪೆಕ್ಟರವರು ಮಾಡಿದ ಉಪನ್ಯಾಸ)



 ಕಳೆದ ಬಾರಿ ನಾನು ಈ ಗ್ರಾಮಕ್ಕೆ ಬಂದಿದ್ದಾಗ ಇಲ್ಲಿಯ ಹಿರಿಯರೊಬ್ಬರು ತಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಪ್ರಶ್ನೆಯನ್ನು ಕೇಳಿದರು. "ಸ್ವಾಮಿ, ಗೊಬ್ಬರವೂ ಒಂದೇ, ನೀರೂ ಒಂದೇ, ದುಡಿದ ಕೈಯೂ ಒಂದೇ. ಈ ಅನಾನಸು ಹೀಗೆ ಹುಲುಸಾಗಿ ಬಂದಿದೆ. ಇದರ ಮಗ್ಗುಲಲ್ಲಿಯೇ ಇಟ್ಟ ಹೂಕೋಸು ಮಾತ್ರ ಎಲೆಯೆಲ್ಲ ಸವೆದು ನಡುನರವೊಂದೇ ಉಳಿದು ಚಾಟಿಯ ಬಾರಿನಂತಾಯಿತು, ಹೂವೇ ಕಟ್ಟಲಿಲ್ಲ. ಇದು ಬೀಜದ ದೋಷವೋ, ಯಾರದಾದರೂ ದೃಷ್ಟಿಯೋ?" ಎಂದು ಅವರು ಕೇಳಿದರು. ಆಗ ನಾನು ಮಣ್ಣನ್ನು ಪರೀಕ್ಷಿಸಿ ನೋಡದೆ ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ. ಬೀಜವು ನಿರ್ದೋಷಿ, ದೃಷ್ಟಿಯೂ ತಗಲಿಲ್ಲ. ಅನಾನಸಿಗೆ ಒಗ್ಗುವಷ್ಟು ಹುಳಿಯು ಆ ನೆಲದಲ್ಲಿದೆ. ಹೂಕೋಸಿಗೆ ಆ ಹುಳಿಯೇ ವಿಷಪ್ರಾಯವಾಯಿತು.

ಮಣ್ಣಿಗೂ ಹುಳಿಯುಂಟೇ ಎಂದು ತಮ್ಮಲ್ಲಿ ಕೆಲವರು ನಗಬಹುದು. ಅದು ನಾಲಗೆಗೆ ತಿಳಿಯುವ ಹುಳಿಯಲ್ಲ. ಆದರೆ ಅಡಕೆ ತೋಟವಿಟ್ಟವರಿಗೆಲ್ಲ ಈ ವಿಷಯವು ಒಂದು ವಿಧದಲ್ಲಿ ಪರಿಚಿತವಾದುದೇ ಆಗಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಕಾಸುವುದಿಲ್ಲ, ಬೆರೆಸುತ್ತೇವೆ. 1910ರ ಆಸುಪಾಸಿನಲ್ಲಿ ಡಾಕ್ಟರ್ ಕೋಲ್ಮನ್‌ರವರು ಮಲೆನಾಡಿನ ತೋಟಗಳಲ್ಲಿ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಮೈಲುತುತ್ತದ ನೀರಿಗೆ ಸುಣ್ಣದ ತಿಳಿಯು ಸಾಲದೆ ಹೋದರೆ, ಅದರಲ್ಲಿ ಅದ್ದಿದ ಚೂರಿಯ ಅಲಗಿನ ಮೇಲೆ ತಾಮ್ರದ ಬಣ್ಣವು ಕೂಡುತ್ತದೆ. ಆಗ ಇನ್ನಷ್ಟು ಸುಣ್ಣವನ್ನು ಸೇರಿಸುತ್ತೀರಿ. ಹುಳಿಯನ್ನು ಸುಣ್ಣವು ಮುರಿಯುತ್ತದೆ ಎಂಬ ತತ್ತ್ವವು ಅಲ್ಲಿಯೂ ಒಂದೇ, ನೆಲದಲ್ಲಿಯೂ ಒಂದೇ. ಹೆಂಗಸರಿಗೆ ಇದರ ಮತ್ತೊಂದು ಮುಖವು ಗೊತ್ತಿದೆ. ಅರಿಶಿನಕ್ಕೆ ಸುಣ್ಣವು ತಗುಲಿದರೆ ಕೆಂಪಾಗುವುದು; ಕುಂಕುಮವಾಗುವುದು ಹೀಗೆಯೇ. ಸುಣ್ಣವೂ, ಬೂದಿಯೂ, ಚೌಳೂ ಕ್ಷಾರದ ಜಾತಿಗೆ ಸೇರಿದವು. ಹುಣಿಸೆಹಣ್ಣು, ನಿಂಬೆಯ ರಸ, ಹುಳಿಮಜ್ಜಿಗೆ ಇವು ಆಮ್ಲದ ಜಾತಿಗೆ ಸೇರಿದವು. ಪ್ರತಿಯೊಂದು ನೆಲವೂ ಈ ಎರಡರ ನಡುವೆ ಎಲ್ಲಿಯೋ ಒಂದು ಕಡೆ ನಿಂತಿರುತ್ತದೆ.

ಎಲ್ಲಿ ನಿಂತಿದೆಯೆಂಬುದನ್ನು ಅಳೆಯಲು ವಿದ್ವಾಂಸರು ಒಂದು ಅಳತೆಗೋಲನ್ನು ಮಾಡಿದ್ದಾರೆ. ಡೆನ್ಮಾರ್ಕ್ ದೇಶದ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞರು 1909ರಲ್ಲಿ ಇದನ್ನು ಏರ್ಪಡಿಸಿದರು. ಇದಕ್ಕೆ ಪಿ. ಎಚ್. ಎಂದು ಹೆಸರು. ಈ ಅಳತೆಯಲ್ಲಿ 7 ಎಂಬುದು ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸಮಸ್ಥಿತಿ. ಅದಕ್ಕಿಂತ ಅಂಕಿಯು ಇಳಿದಂತೆ ಹುಳಿಯು ಏರುತ್ತದೆ. ಅಂಕಿಯು ಏರಿದಂತೆ ಕ್ಷಾರವು ಏರುತ್ತದೆ. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 6ರ ನೆಲಕ್ಕಿಂತ 5ರ ನೆಲದಲ್ಲಿ ಹುಳಿಯು ಸ್ವಲ್ಪ ಹೆಚ್ಚು ಎಂದು ತಿಳಿಯಬಾರದು, ಹತ್ತರಷ್ಟು ಹೆಚ್ಚು. 7ರ ನೆಲಕ್ಕೆ ಹೋಲಿಸಿದರೆ ನೂರರಷ್ಟು ಹೆಚ್ಚು. ಆದುದರಿಂದ ಪರೀಕ್ಷೆಯ ವರದಿಯಲ್ಲಿ ಅರ್ಧ ಅಂಕಿಯ ವ್ಯತ್ಯಾಸವಿದ್ದರೂ ಅದನ್ನು ಅಲಕ್ಷ್ಯ ಮಾಡತಕ್ಕದ್ದಲ್ಲ.

ನಮ್ಮ ಸೀಮೆಯ ನೆಲವು ಏಕೆ ಹುಳಿಯಾಯಿತು? ಮಳೆಯೇ ಇದಕ್ಕೆ ಮುಖ್ಯ ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 300 ಅಂಗುಲ ಮಳೆ ಬೀಳುತ್ತದೆ. ಚಳ್ಳಕೆರೆಯ ಕಡೆ 20 ಅಂಗುಲದ ಆಸುಪಾಸು. ಇಷ್ಟು ನೀರು ಸಾವಿರಾರು ವರ್ಷ ನೆಲದ ಮೂಲಕ ಇಳಿದು ಹೊಳೆಗೆ ಸೇರುವಾಗ ಮಣ್ಣಿನಲ್ಲಿದ್ದ ಸುಣ್ಣದ ಅಂಶವನ್ನೂ, ಮೆಗ್ನೀಷಿಯದ ಅಂಶವನ್ನೂ ತೊಳೆದುಕೊಂಡು ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ನಾವು ಕಡಿದು ಮನೆ ಕಟ್ಟುವ ಜಂಬಿಟ್ಟಿಗೆಯು ಹೀಗೆ ತೊಳೆದು ಉಳಿದ ನೆಲವೇ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಬುಕನನ್ ಸಾಹೇಬರು ಈ ಮಣ್ಣನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು ಅದಕ್ಕೆ ಇಟ್ಟಿಗೆಗಲ್ಲು ಎಂಬರ್ಥದ ಲ್ಯಾಟರೈಟ್ ಎಂಬ ಹೆಸರನ್ನಿಟ್ಟರು. ಬಯಲುಸೀಮೆಯಲ್ಲಿ ತೊಳೆಯುವಷ್ಟು ಮಳೆಯಿಲ್ಲ. ಅಲ್ಲಿಯ ಎರೆಭೂಮಿಯನ್ನು ಅಗೆದರೆ ಸುಣ್ಣದ ಹರಳುಗಳೇ ಸಿಕ್ಕುತ್ತವೆ. ಹೀಗೆ ಒಂದೇ ನಾಡಿನಲ್ಲಿ, ಎರಡು ದಿನದ ಗಾಡಿಯ ಪ್ರಯಾಣದೊಳಗೆ, ಹುಳಿನೆಲವೂ ಸುಣ್ಣದ ನೆಲವೂ ಇವೆ. ಅಲ್ಲಿ ಬೆಳೆದುದನ್ನು ಇಲ್ಲಿ ತಂದು ನೆಟ್ಟು ಫಲವನ್ನು ಬಯಸುವವರು ಇದನ್ನು ಮೊದಲು ಯೋಚಿಸಬೇಕು.

ಮಳೆಯ ಜೊತೆಗೆ ನಾವೂ ಸ್ವಲ್ಪ ಹುಳಿಯನ್ನು ಸೇರಿಸುತ್ತೇವೆ. ಅಮೋನಿಯಂ ಸಲ್ಫೇಟು ಒಳ್ಳೆಯ ಗೊಬ್ಬರವೆಂಬುದರಲ್ಲಿ ಸಂಶಯವಿಲ್ಲ; ಆದರೆ ಅದನ್ನು 100 ಪೌಂಡು ಹಾಕಿದರೆ ಅದರಿಂದ ಹುಟ್ಟುವ ಹುಳಿಯನ್ನು ಮುರಿಯಲು ಸುಮಾರು 110 ಪೌಂಡು ಸುಣ್ಣಕಲ್ಲಿನ ಪುಡಿ ಬೇಕು. ಯೂರಿಯವೂ ಹುಳಿಯನ್ನು ಹುಟ್ಟಿಸುವುದೇ, ಸ್ವಲ್ಪ ಕಡಿಮೆ. ವರ್ಷವರ್ಷವೂ ಚೀಲದ ಗೊಬ್ಬರವನ್ನೇ ಹಾಕುತ್ತಾ ಕೊಟ್ಟಿಗೆ ಗೊಬ್ಬರವನ್ನು ಬಿಟ್ಟವರ ಮಡಿಗಳಲ್ಲಿ ಮೊದಲು ಎರಡು ವರ್ಷ ಫಸಲು ಏರಿ, ಆಮೇಲೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ನೆಲವು ಹೆಚ್ಚು ಹುಳಿಯಾದಾಗ ಪೈರಿಗೆ ಆಗುವ ಕೆಡುಕು ಒಂದು ಬಗೆಯದಲ್ಲ. ಸುಮಾರು 5½ಕ್ಕಿಂತ ಕೆಳಗೆ ಇಳಿದಾಗ ಮಣ್ಣಿನ ಅಲ್ಯುಮಿನಿಯಂ ಕರಗಿ ನೀರಿಗೆ ಬರುತ್ತದೆ. ಅದು ಬೇರಿನ ತುದಿಯನ್ನು ಸುಟ್ಟಂತೆ ಮೊಂಡು ಮಾಡುತ್ತದೆ. ಬೇರು ಮೊಂಡಾದ ಗಿಡವು, ಕಾಲಡಿಯಲ್ಲಿ ತೇವವಿದ್ದರೂ, ಮಳೆ ನಿಂತ ಹದಿನೈದು ದಿನಕ್ಕೆ ಬಾಡುವುದು. ನಾವು ಹಾಕಿದ ರಂಜಕದ ಗೊಬ್ಬರವನ್ನು ಕಬ್ಬಿಣವೂ ಅಲ್ಯುಮಿನಿಯಮೂ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ; ಎಲುಬಿನ ಪುಡಿಯು ಇಂಥ ನೆಲದಲ್ಲಿ ಸೂಪರ್‌ಫಾಸ್ಫೇಟಿಗಿಂತ ಬಾಳಿಕೆ ಬರುವುದಕ್ಕೆ ಇದೇ ಕಾರಣ. ಹುರುಳಿಕಾಯಿ, ಅಲಸಂದೆ, ಬಟಾಣಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಉಪಕಾರಿ ಜೀವಾಣುಗಳು ಹುಳಿಯಲ್ಲಿ ಚೆನ್ನಾಗಿ ಬದುಕಲಾರವು. ಟೊಮೇಟೊ ಕಾಯಿಯ ಬುಡವು ಕರಗಿ ಕಪ್ಪಾಗುವುದು ಅನೇಕ ವೇಳೆ ಸುಣ್ಣದ ಅಂಶದ ಕೊರತೆಯಿಂದಲೇ. ನೀರನ್ನು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಕೊಟ್ಟರೂ ಹೀಗಾಗುವುದುಂಟು. ಇನ್ನು ನಮ್ಮ ಹಿರಿಯರ ಹೂಕೋಸಿನ ವಿಷಯ: ಮಾಲಿಬ್ಡಿನಂ ಎಂಬ ಒಂದು ಲೋಹವು ಗಿಡಕ್ಕೆ ಎಳ್ಳುಕಾಳಿನಷ್ಟೂ ಬೇಡ, ಆದರೆ ಅದಿಲ್ಲದೆ ನಡೆಯದು. ಹುಳಿನೆಲವು ಅದನ್ನು ಬಿಗಿಹಿಡಿದುಕೊಳ್ಳುತ್ತದೆ. ಆಗಲೇ ಹೂಕೋಸಿನ ಎಲೆಯು ಚಾಟಿಯಾಗುವುದು. ನೆಲದ ಹುಳಿಯನ್ನು ಮುರಿದರೆ ಅದು ತಾನಾಗಿಯೇ ಗಿಡಕ್ಕೆ ಒದಗುತ್ತದೆ.

ಹಾಗಾದರೆ ಎಲ್ಲ ನೆಲಕ್ಕೂ ಸುಣ್ಣವನ್ನು ಹೊಡೆದುಬಿಡೋಣವೇ? ನಾನು ನೌಕರಿಗೆ ಸೇರಿದ ಹೊಸದರಲ್ಲಿ ಹೀಗೆಯೇ ತಿಳಿದಿದ್ದೆನು. ಕಾಲೇಜಿನ ಪಾಠವು ತಲೆಯಲ್ಲಿ ಬಿಸಿಯಾಗಿತ್ತು. ಹಾಸನದ ಕಡೆಯ ಒಂದು ಗ್ರಾಮದಲ್ಲಿ ಗೌಡರೊಬ್ಬರು ಆಲೂಗಡ್ಡೆಯ ಹೊಲವನ್ನು ತೋರಿಸಿ, ಬೆಳೆ ಸುಮಾರಾಗಿ ಬರುತ್ತಿದೆ, ಇನ್ನೂ ಹೆಚ್ಚಿಸಲು ಉಪಾಯವನ್ನು ಹೇಳಿರೆಂದರು. ಮಣ್ಣು ನೋಡಿದೆನು, ಹುಳಿಯಿತ್ತು. ಸುಣ್ಣವನ್ನು ಹಾಕಿಸಿರೆಂದೆನು. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಸುಣ್ಣವನ್ನು ತರಿಸಿ, ಬೂದಿಯನ್ನೂ ಸೇರಿಸಿ ಹಾಕಿದರು. ಗಿಡಗಳು ಸೊಗಸಾಗಿ ಬಂದವು. ಅಗೆದು ನೋಡಿದಾಗ ಗಡ್ಡೆಗಳ ಮೈಯೆಲ್ಲ ಕಜ್ಜಿ. ಆಲೂಗಡ್ಡೆಗೆ ಕಜ್ಜಿಯನ್ನು ತರುವ ಸೂಕ್ಷ್ಮಜೀವಿಯು ಹುಳಿಯಲ್ಲಿ ಅಡಗಿರುತ್ತದೆ. ಹುಳಿ ಕಡಿಮೆಯಾದರೆ ಎದ್ದುಕೊಳ್ಳುತ್ತದೆ. ಆ ಗೌಡರ ಹೊಲವನ್ನು ಅದುವರೆಗೆ ಕಾಪಾಡುತ್ತಿದ್ದುದು ಆ ಹುಳಿಯೇ. ವರ್ತಕರು ಚೀಲವನ್ನು ಬಿಚ್ಚಿ ನೋಡಿ ಅರ್ಧ ಬೆಲೆಯನ್ನೂ ಹೇಳಲಿಲ್ಲ. ಗೌಡರು ನನ್ನನ್ನು ಬೈಯಲಿಲ್ಲ. ಒಂದು ಗಡ್ಡೆಯನ್ನು ನನ್ನ ಕೈಯಲ್ಲಿಟ್ಟು, "ನೋಡಿ ಸ್ವಾಮಿ, ಗಿಡ ಮಾತ್ರ ನೀವು ಹೇಳಿದ ಹಾಗೆಯೇ ಬಂತು" ಎಂದರು, ಅಷ್ಟೇ. ಅವರು ಮಗಳ ಮದುವೆಯನ್ನು ಆ ವರ್ಷ ನಿಲ್ಲಿಸಿದರೆಂದು ಆಮೇಲೆ ತಿಳಿಯಿತು. ಅಂದಿನಿಂದ ಬೆಳೆ ಯಾವುದೆಂದು ಕೇಳದೆ ಸುಣ್ಣದ ಮಾತನ್ನು ನಾನು ಯಾರಿಗೂ ಆಡಿಲ್ಲ.

ಆದಕಾರಣ ಬೆಳೆಗಳ ಅಭಿರುಚಿಯನ್ನು ಈಗ ಹೇಳುತ್ತೇನೆ. ಹುಳಿಯನ್ನು ಪ್ರೀತಿಸುವುದರಲ್ಲಿ ಅನಾನಸಿಗೆ ಸಮನಾದುದು ನಮ್ಮ ತೋಟಗಳಲ್ಲಿಲ್ಲ. 4½ರಿಂದ 5½ರವರೆಗೆ ಅದಕ್ಕೆ ಹಿತ. ಅನಾನಸಿನ ಮಡಿಗೆ ಸುಣ್ಣವನ್ನು ಹಾಕುವುದು ದುಡ್ಡನ್ನು ಕೊಟ್ಟು ಕೆಡುಕನ್ನು ಕೊಂಡಂತೆ. ಎಲೆಯು ಕಬ್ಬಿಣದ ಅಂಶವು ದೊರೆಯದೆ ಹಳದಿಯಾಗುತ್ತದೆ. ಆಲೂಗಡ್ಡೆಗೆ 5ರಿಂದ 6ರವರೆಗೆ ಸಾಕು. ಗೆಣಸೂ ಹೆಚ್ಚುಕಡಿಮೆ ಇದೇ ಪಂಕ್ತಿಯದು, ಕಲ್ಲಂಗಡಿಯೂ ಸ್ವಲ್ಪ ಹುಳಿಯನ್ನು ಸಹಿಸಿಕೊಳ್ಳುವುದು. ಹಲಸಿನ ಮರವು ನಮ್ಮ ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆಯುವುದನ್ನು ತಾವೇ ಕಾಣುತ್ತೀರಿ. ಅದಕ್ಕೆ ಇಲಾಖೆಯವರ ಉಪದೇಶವೇನೂ ಬೇಕಿಲ್ಲ.

ಟೊಮೇಟೊ, ಹುರುಳಿಕಾಯಿ, ಬದನೆ, ಸೌತೆ, ಮೂಲಂಗಿ, ಈರುಳ್ಳಿ ಇವು ಮಧ್ಯಮಮಾರ್ಗದವು. 6ರಿಂದ 7ರೊಳಗೆ ಚೆನ್ನಾಗಿ ಬರುತ್ತವೆ. ಇವುಗಳಲ್ಲಿ ಈರುಳ್ಳಿಯು ಹುಳಿಯನ್ನು ಎಲ್ಲಕ್ಕಿಂತ ಕಡಿಮೆ ಸಹಿಸುವುದು. ಎಲೆಕೋಸು, ಹೂಕೋಸು, ಬೀಟ್‌ರೂಟು, ಪಾಲಕ್ ಸೊಪ್ಪು ಇವುಗಳಿಗೆ ಸಮಸ್ಥಿತಿಯ ಸಮೀಪದ ನೆಲವೇ ಬೇಕು. ಕೋಸಿನ ಜಾತಿಗೆ ಬೇರು ಗಂಟುಗಟ್ಟಿ ಊದಿಕೊಳ್ಳುವ ಒಂದು ರೋಗವುಂಟು. ಅದು ಹುಳಿನೆಲದ ರೋಗ. ಹೊರಗಿನಿಂದ ಸಸಿಗಳನ್ನು ತರಿಸುವಾಗ ಬೇರನ್ನು ನೋಡಿ ತರಿಸಿರಿ. ಒಮ್ಮೆ ಮಡಿಗೆ ಸೇರಿದರೆ ಎಷ್ಟೋ ವರ್ಷ ಬಿಡುವುದಿಲ್ಲ.

ಫಲವೃಕ್ಷಗಳ ವಿಷಯದಲ್ಲಿ ಹೆಚ್ಚು ಎಚ್ಚರವಿರಬೇಕು. ಕಾಯಿಪಲ್ಯವು ಕೆಟ್ಟರೆ ಮೂರು ತಿಂಗಳ ಶ್ರಮವು ನಷ್ಟ. ಮರವು ಕೆಟ್ಟರೆ ಆರೇಳು ವರ್ಷದ ಆಯುಷ್ಯವೇ ನಷ್ಟ. ಬಾಳೆಗೆ 5½ರಿಂದ 7ರವರೆಗೆ ಆಗಬಹುದು. ಮಾವು ಮತ್ತು ಸಪೋಟ ಹೆಚ್ಚು ಹಟ ಮಾಡುವುದಿಲ್ಲ. ಸೀಬೆಯು ಬಡವರ ಮರ. 4½ರ ಹುಳಿಯಿಂದ 8ರ ಕ್ಷಾರದವರೆಗೂ ಹೊಂದಿಕೊಂಡು ಕಾಯಿ ಬಿಡುತ್ತದೆ. ಪರಂಗಿಗೆ 6ರಿಂದ 7 ಹಿತ, ನೀರು ನಿಂತರೆ ಯಾವ ಅಂಕಿಯೂ ಅದನ್ನು ಉಳಿಸದು. ಕಿತ್ತಳೆಗೂ ನಿಂಬೆಗೂ 5½ರಿಂದ 6½ರವರೆಗಿನ ಕೊಂಚ ಹುಳಿಯಾದ, ನೀರು ಬಸಿದುಹೋಗುವ ನೆಲವು ಪ್ರಶಸ್ತ. ಕೊಡಗಿನ ಕಿತ್ತಳೆಗೆ ಅಲ್ಲಿಯ ಮಳೆಯೂ ಹುಳಿನೆಲವೂ ಕೂಡಿಬಂದಿರುವುದು ಹೀಗೆ. ಅದೇ ಸಸಿಯನ್ನು ಸುಣ್ಣದ ಹರಳಿರುವ ನೆಲದಲ್ಲಿಟ್ಟರೆ ಮೂರನೆಯ ವರ್ಷದ ಹೊತ್ತಿಗೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಜಾಲರಿಯಂತೆ ಕಾಣುವುವು. ನೆಲದಲ್ಲಿ ಕಬ್ಬಿಣವೂ ಸತುವೂ ಇದ್ದರೂ ಕ್ಷಾರವು ಅವನ್ನು ಕೊಡುವುದಿಲ್ಲ. ಇದೇ ಗ್ರಾಮದ ಕೆಲವರು ಬಯಲುಸೀಮೆಯ ತಮ್ಮ ನೆಂಟರ ಜಮೀನಿನಲ್ಲಿ ಸಾಲವೆತ್ತಿ ಕಿತ್ತಳೆ ತೋಟವನ್ನು ಮಾಡಿಸುವ ಆಲೋಚನೆಯಲ್ಲಿರುವರೆಂದು ಕೇಳಿದ್ದೇನೆ. ಸಾಲದ ಪತ್ರಕ್ಕೆ ರುಜು ಹಾಕುವ ಮೊದಲು ಅಲ್ಲಿಯ ಮಣ್ಣನ್ನು ಮೂರು ಅಡಿ ಆಳದವರೆಗೆ ಅಗೆದು ನೋಡಬೇಕೆಂದು ನನ್ನ ವಿಜ್ಞಾಪನೆ. ಮೇಲಿನ ಒಂದು ಅಡಿ ಕೆಂಪುಮಣ್ಣು ಕಣ್ಣಿಗೆ ಸೊಗಸಾಗಿದ್ದು, ಕೆಳಗೆ ಸುಣ್ಣದ ಹಾಸು ಇರುವುದುಂಟು. ಅಂಥ ಕಡೆ ದಾಳಿಂಬೆ, ಬೆಟ್ಟದ ನೆಲ್ಲಿ, ಎಲಚಿ ಇವುಗಳನ್ನು ಯೋಚಿಸಬಹುದು. ಕ್ಷಾರವನ್ನು ಇವು ಇತರ ಮರಗಳಿಗಿಂತ ಚೆನ್ನಾಗಿ ತಾಳುತ್ತವೆ.

ಚೌಳಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ, ತಮಗೆ ಇಲ್ಲಿ ಅದರ ಬಾಧೆಯಿಲ್ಲ. ಹಿಂದೆ ಅಗಸರು ಬಟ್ಟೆ ಒಗೆಯಲು ಕೆರೆದು ತರುತ್ತಿದ್ದ ಬಿಳಿಯ ಮಣ್ಣು ಅದೇ. ಅದಕ್ಕೆ ಸುಣ್ಣವು ಔಷಧವಲ್ಲ. ಜಿಪ್ಸಂ, ಹಸಿರೆಲೆ ಗೊಬ್ಬರ, ಎಲ್ಲಕ್ಕಿಂತ ಮುಖ್ಯವಾಗಿ ನೀರು ಬಸಿಯುವ ಕಾಲುವೆ, ಇವೇ ಔಷಧ. ಕಾಲುವೆಯಿಲ್ಲದೆ ಜಿಪ್ಸಂ ಹಾಕಿದವರು ಹಣವನ್ನು ಕಳೆದುಕೊಂಡಿದ್ದಾರೆ.

ಇನ್ನು ಹುಳಿಯನ್ನು ಮುರಿಯುವ ಕ್ರಮ. ಸುಣ್ಣವು ಮೂರು ರೂಪದಲ್ಲಿ ದೊರೆಯುತ್ತದೆ: ಸುಡದೆ ಪುಡಿಮಾಡಿದ ಸುಣ್ಣಕಲ್ಲು, ಸುಟ್ಟ ಸುಣ್ಣ, ನೀರು ಹಾಕಿ ಅರಳಿಸಿದ ಸುಣ್ಣ. ಶುದ್ಧವಾಗಿದ್ದರೆ 100 ಪೌಂಡು ಕಲ್ಲಿನ ಪುಡಿಯು ಮಾಡುವ ಕೆಲಸವನ್ನು 74 ಪೌಂಡು ಅರಳಿಸಿದ ಸುಣ್ಣವೂ, 56 ಪೌಂಡು ಸುಟ್ಟ ಸುಣ್ಣವೂ ಮಾಡುತ್ತವೆ. ಗಾಡಿಯ ಬಾಡಿಗೆಯನ್ನು ಲೆಕ್ಕ ಹಾಕುವಾಗ ಈ ಅಂಕಿಗಳನ್ನು ಜ್ಞಾಪಕದಲ್ಲಿಡಬೇಕು. ಕರಾವಳಿಯ ಚಿಪ್ಪಿನ ಸುಣ್ಣವೂ ಆಗಬಹುದು. ಡಾಲಮೈಟ್ ಎಂಬ ಕಲ್ಲಿನ ಪುಡಿಯು ದೊರೆತರೆ ಮಲೆನಾಡಿಗೆ ಅದು ಉತ್ತಮ. ಮಳೆಯು ಒಯ್ದ ಮೆಗ್ನೀಷಿಯವನ್ನೂ ಅದು ಹಿಂದಕ್ಕೆ ಕೊಡುತ್ತದೆ. ನಮ್ಮ ಹಿರಿಯರು ಸುಡುಮಣ್ಣನ್ನೂ ಒಲೆಯ ಬೂದಿಯನ್ನೂ ಹಿತ್ತಲಿಗೆ ಹಾಕುತ್ತಿದ್ದುದು, ಕುಮರಿಯ ಬೂದಿಯಲ್ಲಿ ಮೊದಲ ವರ್ಷ ಪೈರು ಉಕ್ಕುತ್ತಿದ್ದುದು, ಎಲ್ಲವೂ ಹೆಸರು ಹೇಳದೆ ಮಾಡಿದ ಇದೇ ಚಿಕಿತ್ಸೆ.

ಪ್ರಮಾಣವು ಮಣ್ಣಿನ ಜಾತಿಯನ್ನು ಅನುಸರಿಸುತ್ತದೆ. ಮರಳು ಮಿಶ್ರವಾದ ಹಗುರ ನೆಲವು 5ರಲ್ಲಿದ್ದು ಅದನ್ನು 6ರ ಸಮೀಪಕ್ಕೆ ತರಬೇಕಾದರೆ ಎಕರೆಗೆ ಸುಮಾರು ಒಂದು ಟನ್ನು, ಎಂದರೆ ಗುಂಟೆಗೆ 56 ಪೌಂಡು ಸುಣ್ಣಕಲ್ಲಿನ ಪುಡಿಯಿಂದ ಆರಂಭಿಸಬಹುದು. ಅರಳಿಸಿದ ಸುಣ್ಣವಾದರೆ 42 ಪೌಂಡು ಸಾಕು. ಜೇಡಿಯೂ ಎಲೆಗೊಬ್ಬರವೂ ಹೆಚ್ಚಾಗಿರುವ ನೆಲಕ್ಕೆ ಇದರ ಎರಡರಷ್ಟು ಬೇಕಾಗಬಹುದು. ಆದರೆ ಒಂದೇ ಸಲ ಪೂರ್ತಿಯಾಗಿ ಹಾಕದೆ ಅರ್ಧವನ್ನು ಹಾಕಿ, ಮರುವರ್ಷ ಪರೀಕ್ಷಿಸಿ ಉಳಿದುದನ್ನು ಹಾಕುವುದು ಕ್ಷೇಮ. ಹುಳಿಯನ್ನು ಮುರಿಯುವುದು ಸುಲಭ. ಹಾಕಿದ ಸುಣ್ಣವನ್ನು ಹಿಂದಕ್ಕೆ ತೆಗೆಯುವುದು ಅಸಾಧ್ಯ. ಹೊಲವನ್ನು 7ರ ಮೇಲೆ ಏರಿಸಿದರೆ ಸತು, ಕಬ್ಬಿಣ, ಬೋರಾನುಗಳ ಕೊರತೆಯೆಂಬ ಹೊಸ ರೋಗವನ್ನು ತಂದುಕೊಂಡಂತಾಯಿತು.

ಮಳೆಯ ಅಬ್ಬರವು ತಗ್ಗಿದ ಮೇಲೆ, ಚಳಿಗಾಲದ ಕಾಯಿಪಲ್ಯಕ್ಕೆ ಮಡಿ ಮಾಡುವ ಮೂರು ನಾಲ್ಕು ವಾರ ಮೊದಲು ಅರಳಿಸಿದ ಸುಣ್ಣವನ್ನು ಗಾಳಿಯಿಲ್ಲದ ಹೊತ್ತಿನಲ್ಲಿ ಸಮನಾಗಿ ಎರಚಿ, ಒಂದು ಗೇಣು ಆಳಕ್ಕೆ ಕಲಸಬೇಕು. ಕಲ್ಲಿನ ಪುಡಿಯು ನಿಧಾನ. ಅದನ್ನು ಕೆಲವು ತಿಂಗಳು ಮೊದಲೇ ಹಾಕಬೇಕು. ಸುಣ್ಣವನ್ನು ಹಸಿಯ ಸಗಣಿ ಗೊಬ್ಬರದ ಜೊತೆಗಾಗಲಿ ಅಮೋನಿಯಂ ಸಲ್ಫೇಟಿನ ಜೊತೆಗಾಗಲಿ ಬೆರೆಸಬಾರದು. ಬೆರೆಸಿದಾಗ ಮೂಗಿಗೆ ಹೊಡೆಯುವ ಘಾಟೇ ತಮ್ಮ ಗೊಬ್ಬರದ ಸತ್ತ್ವವು ಗಾಳಿಗೆ ಹೋಗುತ್ತಿರುವ ಗುರುತು. ಕೊಟ್ಟಿಗೆ ಗೊಬ್ಬರವನ್ನು ಸುಣ್ಣ ಹಾಕಿದ ಎರಡು ಮೂರು ವಾರದ ಮೇಲೆ ಹಾಕಿರಿ. ನಮ್ಮ ಮಳೆಯಲ್ಲಿ ಸುಣ್ಣದ ಪ್ರಭಾವವು ಮೂರು ನಾಲ್ಕು ವರ್ಷಕ್ಕಿಂತ ಹೆಚ್ಚು ನಿಲ್ಲುವುದೆಂದು ನಂಬಬಾರದು.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದೇ ಎಂದು ಕೇಳುವವರಿದ್ದಾರೆ. ಅರಿಶಿನದ ಕಾಗದವು ಬಲವಾದ ಚೌಳನ್ನು ಕೆಂಪಾಗಿ ತೋರಿಸೀತು. ಹುಳಿಯನ್ನು ಅದು ತೋರಿಸಲಾರದು. ನೀಲಿಯ ಲಿಟ್ಮಸ್ ಕಾಗದವನ್ನು ಒದ್ದೆ ಮಣ್ಣಿನೊಳಗೆ ಇಟ್ಟರೆ ಹುಳಿಯಿದ್ದಲ್ಲಿ ಕೆಂಪಾಗುತ್ತದೆ, ಆದರೆ ಎಷ್ಟು ಹುಳಿಯೆಂದು ಹೇಳುವುದಿಲ್ಲ. ಜರಿಗಿಡವು ದಟ್ಟವಾಗಿ ಬೆಳೆದ ಕಡೆ ಹುಳಿಯಿರಬಹುದೆಂದು ಊಹಿಸಬಹುದು. ಊಹೆಯ ಮೇಲೆ ಗಾಡಿಗಟ್ಟಲೆ ಸುಣ್ಣವನ್ನು ತರಿಸಬಾರದು. 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಪ್ರಯೋಗಕ್ಕಾಗಿ ಕೊಟ್ಟು ಡಾಕ್ಟರ್ ಲೇಹ್ಮನ್‌ರವರಿಂದ ಮಣ್ಣಿನ ಪರೀಕ್ಷೆಯನ್ನು ಆರಂಭಿಸಿದುದು, ರೈತನು ಊಹೆಯಿಂದ ನಷ್ಟವನ್ನು ಹೊಂದದಿರಲೆಂದೇ.

ಮಾದರಿ ಮಣ್ಣನ್ನು ತೆಗೆಯುವುದರಲ್ಲಿಯೇ ಅನೇಕರು ತಪ್ಪುತ್ತಾರೆ. ಬದುವಿನ ಅಂಚು, ತಿಪ್ಪೆಯ ಬುಡ, ಮರದ ನೆರಳು, ಬೂದಿ ಸುರಿದ ಜಾಗ ಇವುಗಳನ್ನು ಬಿಟ್ಟು, ಒಂದೇ ಬಗೆಯ ನೆಲದಲ್ಲಿ ಎಂಟು ಹತ್ತು ಕಡೆ ಮೇಲಿನ ಕಸವನ್ನು ಸರಿಸಿ ಒಂದು ಗೇಣು ಆಳದ ಗುಳಿಯನ್ನು ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳನ್ನು ಕೆರೆಯಬೇಕು. ಎಲ್ಲವನ್ನೂ ಗೋಣಿಯ ಮೇಲೆ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಾದ ಎರಡನ್ನು ತೆಗೆದುಹಾಕುತ್ತಾ ಕೊನೆಗೆ ಒಂದು ಪೌಂಡು ಉಳಿಸಿ ನೆರಳಿನಲ್ಲಿ ಒಣಗಿಸಿರಿ. ಹಣ್ಣಿನ ತೋಟಕ್ಕಾದರೆ ಮೂರು ಅಡಿಯ ಗುಳಿಯಿಂದ ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯತಕ್ಕದ್ದು. ಬಟ್ಟೆಯ ಚೀಲದಲ್ಲಿ ಕಟ್ಟಿ, ಸರ್ವೆ ನಂಬರು, ಕಳೆದ ವರ್ಷದ ಬೆಳೆ, ಈಗ ಇಡಬೇಕೆಂದಿರುವ ಬೆಳೆ, ಹಾಕಿದ ಗೊಬ್ಬರ ಇವುಗಳನ್ನು ಬರೆದ ಚೀಟಿಯನ್ನು ಒಳಗಿಡಿರಿ. ಗೊಬ್ಬರದ ಖಾಲಿ ಚೀಲದಲ್ಲಿ ತಂದರೆ ನಾನು ತೆಗೆದುಕೊಳ್ಳುವುದಿಲ್ಲ. ಅದರ ಪುಡಿಯೇ ಪರೀಕ್ಷೆಯನ್ನು ಕೆಡಿಸುತ್ತದೆ.

ಬರುವ ಸಂತೆಯ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಇಲ್ಲಿಯೇ ಕುಳಿತು ಚೀಲಗಳನ್ನು ಪಡೆದುಕೊಳ್ಳುತ್ತೇನೆ. ಕಿತ್ತಳೆ ತೋಟದ ಆಲೋಚನೆಯುಳ್ಳವರು ಮೊದಲು ಬರಲಿ. ಹೂಕೋಸಿನ ಯಜಮಾನರಿಗೆ ಇನ್ನೊಂದು ಮಾತು: ಅನಾನಸಿನ ಸಾಲನ್ನು ಹಾಗೆಯೇ ಬಿಟ್ಟು, ಮಗ್ಗುಲ ಎರಡು ಗುಂಟೆಗೆ ಮಾತ್ರ ಈ ವರ್ಷ ಸುಣ್ಣವನ್ನು ಹಾಕಿರಿ, ನಡುವೆ ಮೂರು ಅಡಿಯ ಜಾಗವನ್ನು ಬಿಡಿರಿ. ಪುಷ್ಯಮಾಸದಲ್ಲಿ ನಾನು ಬಂದು ಎರಡನ್ನೂ ನೋಡುತ್ತೇನೆ.